ಜೆಸ್ಕಾಂ ಖಾತೆಯಲ್ಲಿ ಬಡ್ಡಿ ಮತ್ತು ಕಾಯುವ ದಿನಗಳು

ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಪ್ರತಿ ತಿಂಗಳು ಕರೆಂಟ್ ಬಿಲ್ ಬಂದಾಗ ನಮ್ಮ ಸಾವ್ಕಾರ್ರು ಅದನ್ನು ಮೊದಲು ತಾವೇ ನೋಡುತ್ತಾರೆ, ಆಮೇಲೆ ನನ್ನ ಮೇಜಿನ ಮೇಲೆ ಇಡುತ್ತಾರೆ. ಹೋದ ಬೇಸಿಗೆಯಲ್ಲಿ ಒಂದು ದಿನ ಬಿಲ್ ಇಡುವಾಗ ಕೇಳಿದರು: "ಇಷ್ಟು ರೊಕ್ಕ ತಗೋತಾರ, ಮತ್ತ ಲಾಸ್‌ನ್ಯಾಗ ಅದೀವಿ ಅಂತಾರ. ನೀವು ಲೆಕ್ಕ ಬಲ್ಲವರು, ನೀವರೆ ಹೇಳ್ರಿ. ರೊಕ್ಕ ಎಲ್ಲಿ ಹೊಂಟದ?"

ಕಳ್ಳತನ, ಸೋರಿಕೆ, ಭ್ರಷ್ಟಾಚಾರ ಅಂತ ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಮುಗಿಸಬಹುದಿತ್ತು. ಬಹಳ ಜನ ಹಾಗೇ ಮುಗಿಸುತ್ತಾರೆ. ಆದರೆ ನಮ್ಮ ಭಾಗಕ್ಕೆ ಕರೆಂಟ್ ಹಂಚುವ ಜೆಸ್ಕಾಂ ಕಂಪನಿಯ ದರದ ಅರ್ಜಿಗಳನ್ನೂ ದರ ನಿಗದಿ ಮಾಡುವ ವಿದ್ಯುತ್ ಆಯೋಗದ ಆದೇಶಗಳನ್ನೂ ಓದುತ್ತಾ ಹೋದಂತೆ ನನಗೆ ಬೇರೆಯೇ ಒಂದು ವಿಷಯ ಕಂಡಿತು. ಕರೆಂಟ್ ಕಂಪನಿಯ ಲಾಭ ನಷ್ಟ ಬಹುಮಟ್ಟಿಗೆ ತೀರ್ಮಾನವಾಗುವುದು ಎರಡು ಕಡೆ. ಒಂದು, ಯಾವ ಖರ್ಚನ್ನು ಜನರಿಂದ ವಸೂಲಿ ಮಾಡಬಹುದು ಅಂತ ಆಯೋಗ ಬರೆಯುವ ಆದೇಶದಲ್ಲಿ. ಇನ್ನೊಂದು, ಆ ದುಡ್ಡು ಕೈಗೆ ಬರುವವರೆಗೆ ಕಟ್ಟಬೇಕಾದ ಬಡ್ಡಿಯಲ್ಲಿ. ತೊಗರಿ ವ್ಯಾಪಾರ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ತೊಗರಿ ಸುಗ್ಗಿ ಬರುವುದು ಡಿಸೆಂಬರ್‌ನಿಂದ ಫೆಬ್ರುವರಿ ಒಳಗೆ. ಆಗ ಗಂಜ್‌ನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಮಾಲು ತುಂಬಿರುತ್ತದೆ. ಮಿಲ್‌ನವರು ಬ್ಯಾಂಕ್ ಸಾಲ ಎತ್ತಿ ಖರೀದಿ ಮಾಡುತ್ತಾರೆ. ಬೇಳೆ ಮಾಡಿ ವರ್ಷಪೂರ್ತಿ ಮಾರುತ್ತಾರೆ. ಲೆಕ್ಕಕ್ಕೆ 2 ಕೋಟಿ ಸಾಲ, 10 ಶೇಕಡಾ ಬಡ್ಡಿ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಸುಮಾರು 1.67 ಲಕ್ಷ ಬಡ್ಡಿ. ಉದ್ರಿ ತೆಗೆದುಕೊಂಡವರು ಎರಡು ತಿಂಗಳು ತಡ ಮಾಡಿದರೆ 3.3 ಲಕ್ಷ ಹೋಯಿತು. ಬೇಳೆ ಅದೇ, ದರ ಅದೇ, ಗಿರಾಕಿಯೂ ಅದೇ. ಲಾಭ ಮಾತ್ರ ಕರಗಿತು.

ಈಗ ಇನ್ನೊಂದು ಸಂಗತಿ ಸೇರಿಸಿ. ಬೇಳೆಯ ದರ ಮಿಲ್‌ನವರು ಇಡುವಂತಿಲ್ಲ. ವರ್ಷಕ್ಕೊಮ್ಮೆ ಒಂದು ಕಚೇರಿಗೆ ಹೋಗಿ, ಖರ್ಚಿನ ಪಟ್ಟಿ ಕೊಟ್ಟು, ಇಷ್ಟು ದರ ಬೇಕು ಅಂತ ಕೇಳಬೇಕು. ಅವರು ಒಂದೊಂದೇ ಸಾಲು ನೋಡಿ "ಇದು ಸರಿ, ಇದು ಜಾಸ್ತಿ ಆಯ್ತು" ಅಂತ ಕತ್ತರಿಸುತ್ತಾರೆ. ಆಮೇಲೆ ದರ ಹೇಳುತ್ತಾರೆ. ನಡುವೆ ತೊಗರಿ ದರ ಏರಿದರೂ ಅದೇ ದರಕ್ಕೆ ಮಾರಬೇಕು. ಯಾರು ಕೇಳಿದರೂ ಇಲ್ಲ ಅನ್ನುವಂತಿಲ್ಲ. ಜೆಸ್ಕಾಂ ಇರುವ ಜಾಗ ಇದು.

ಕೊಳ್ಳುವ ಅಂಗಡಿ, ಮಾರುವ ಅಂಗಡಿ

ಹಳೆಯ ಜನ ಈಗಲೂ "ಕೆಇಬಿ", ಅಂದರೆ ಕರ್ನಾಟಕ ವಿದ್ಯುತ್ ಮಂಡಳಿ, ಅಂತಲೇ ಅನ್ನುತ್ತಾರೆ. ಆ ಮಂಡಳಿ 1999ರಲ್ಲಿ ಕೆಪಿಟಿಸಿಎಲ್ ಎಂಬ ಸರ್ಕಾರಿ ಕಂಪನಿ ಆಯಿತು. ಅದೇ ವರ್ಷ ದರ ನಿಗದಿ ಮಾಡಲು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ಹುಟ್ಟಿತು. 2002ರಲ್ಲಿ ಹಂಚಿಕೆ ಕೆಲಸವನ್ನು ಬೇರೆ ಬೇರೆ ಕಂಪನಿಗಳಿಗೆ ಕೊಟ್ಟಾಗ ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡು ಜೆಸ್ಕಾಂ ಶುರುವಾಯಿತು. ಬೀದರ್, ಕಲಬುರಗಿ, ಯಾದಗಿರಿ ಜೊತೆಗೆ ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಕೂಡ ಅದರ ವ್ಯಾಪ್ತಿಗೆ ಬರುತ್ತವೆ.

ಜೆಸ್ಕಾಂ ಕರೆಂಟ್ ತಯಾರಿಸುವುದಿಲ್ಲ. ರಾಯಚೂರಿನ ಶಕ್ತಿನಗರ, ಯರಮರಸ್, ಬಳ್ಳಾರಿಯ ಕುಡಿತಿನಿಯಂಥ ಕಡೆ ರಾಜ್ಯ ಸರ್ಕಾರದ ಕೆಪಿಸಿಎಲ್ ತಯಾರಿಸುತ್ತದೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಕೇಂದ್ರ ಸರ್ಕಾರದ ಎನ್‌ಟಿಪಿಸಿ ತಯಾರಿಸುತ್ತದೆ. ಗಾಳಿ ಮತ್ತು ಸೋಲಾರ್‌ನ ಖಾಸಗಿ ಕಂಪನಿಗಳೂ ಇವೆ. ದೊಡ್ಡ ಲೈನ್‌ಗಳಲ್ಲಿ ಸಾಗಿಸುವುದು ಕೆಪಿಟಿಸಿಎಲ್. ಜೆಸ್ಕಾಂ ಕೊಂಡು, ಹಂಚಿ, ಬಿಲ್ ಮಾಡುತ್ತದೆ, ಅಷ್ಟೇ. ಹಾಗಾಗಿ ಅದರ ಖರ್ಚಿನಲ್ಲಿ ಸುಮಾರು ಮುಕ್ಕಾಲು ಭಾಗ ಕರೆಂಟ್ ಕೊಳ್ಳುವುದಕ್ಕೆ ಹೋಗುತ್ತದೆ. ಉಳಿದ ಕಾಲು ಭಾಗದಲ್ಲಿ ಸಂಬಳ, ರಿಪೇರಿ, ಸವಕಳಿ (ಆಸ್ತಿ ಹಳೆಯದಾದಂತೆ ಬರೆದುಕೊಳ್ಳುವ ಖರ್ಚು), ಬಡ್ಡಿ ಎಲ್ಲಾ ನಡೆಯಬೇಕು.

ಕೊಳ್ಳುವುದರಲ್ಲೂ ಒಂದು ಮರ್ಮ ಇದೆ. ಕಲ್ಲಿದ್ದಲು ಸ್ಥಾವರದ ಕರೆಂಟಿಗೆ ಎರಡು ದರ. ಒಂದು ಸುಟ್ಟ ಕಲ್ಲಿದ್ದಲಿಗೆ, ಯೂನಿಟ್ ಲೆಕ್ಕದಲ್ಲಿ. ಇನ್ನೊಂದು ಸ್ಥಾವರ ಕಟ್ಟಿದ ಸಾಲ, ಬಡ್ಡಿ, ಲಾಭಕ್ಕೆ. ಇದನ್ನು ಸಾಮರ್ಥ್ಯ ಶುಲ್ಕ ಅನ್ನುತ್ತಾರೆ. ಸ್ಥಾವರ ನಿಗದಿತ ಮಟ್ಟಕ್ಕೆ ಸಿದ್ಧವಾಗಿದ್ದರೆ ಸಾಕು, ನಾವು ಕರೆಂಟ್ ತೆಗೆದುಕೊಳ್ಳದಿದ್ದರೂ ಎರಡನೆಯದನ್ನು ಕೊಡಲೇಬೇಕು. ಕೇಂದ್ರ ಆಯೋಗದ ನಿಯಮದಲ್ಲಿ ಉಷ್ಣ ಸ್ಥಾವರಕ್ಕೆ ಆ ಮಟ್ಟ ಸಾಮಾನ್ಯವಾಗಿ 85 ಶೇಕಡಾ. ಗೋದಾಮು ಬಾಡಿಗೆಗೆ ಹಿಡಿದರೆ ಮಾಲು ಇಟ್ಟರೂ ಬಾಡಿಗೆ, ಖಾಲಿ ಬಿಟ್ಟರೂ ಬಾಡಿಗೆ. ಹಾಗೆ.

ಅಂದರೆ ನಮ್ಮ ಮನೆಯ ಬಿಲ್‌ನಲ್ಲಿ ಬಡ್ಡಿ ಒಂದೇ ಸಲ ಬರುವುದಿಲ್ಲ. ಸ್ಥಾವರ ಕಟ್ಟಿದವರ ಬಡ್ಡಿ ಬರುತ್ತದೆ. ಲೈನ್ ಎಳೆದವರ ಬಡ್ಡಿ ಬರುತ್ತದೆ. ನಮ್ಮ ಓಣಿಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಕೂಡಿಸಿದವರ ಬಡ್ಡಿಯೂ ಬರುತ್ತದೆ.

ಆದೇಶದೊಳಗಿನ ಲಾಭ

2003ರ ವಿದ್ಯುಚ್ಛಕ್ತಿ ಕಾಯ್ದೆ ದರ ನಿಗದಿಯನ್ನು ಆಯೋಗದ ಕೈಗೆ ಕೊಟ್ಟಿದೆ. ಪದ್ಧತಿ ಹೀಗಿದೆ: ಕಂಪನಿ ಮುಂದಿನ ವರ್ಷಗಳಿಗೆ ತನಗೆ ಎಷ್ಟು ಆದಾಯ ಬೇಕು ಅಂತ ಲೆಕ್ಕ ಹಾಕಿ ಅರ್ಜಿ ಹಾಕುತ್ತದೆ. ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ. ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ, ಜನ ಆಕ್ಷೇಪಣೆ ಸಲ್ಲಿಸುತ್ತಾರೆ, ಬಹಿರಂಗ ವಿಚಾರಣೆ ನಡೆಯುತ್ತದೆ. ಕಾಯ್ದೆಯ ಪ್ರಕಾರ ಅರ್ಜಿ ಬಂದ 120 ದಿನದೊಳಗೆ ಆದೇಶ ಆಗಬೇಕು.

ಲಾಭದ ಸೂತ್ರ ಕೇಳಲು ಸರಳ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಯಾದಗಿರಿ ಕಡೆ ಎಲ್ಲೋ 10 ಕೋಟಿಯಲ್ಲಿ ಒಂದು ಸಬ್‌ಸ್ಟೇಷನ್ ಕಟ್ಟಿದರು ಅನ್ನಿ. ಆಯೋಗ ಒಪ್ಪುವ ಮಾದರಿ ಅಂದರೆ 70 ಪಾಲು ಸಾಲ, 30 ಪಾಲು ಸ್ವಂತ ಬಂಡವಾಳ. ಇಲ್ಲಿ 7 ಕೋಟಿ ಸಾಲ, 3 ಕೋಟಿ ಬಂಡವಾಳ. ಸಾಲಕ್ಕೆ 9 ಶೇಕಡಾ ಬಡ್ಡಿಯಾದರೆ ವರ್ಷಕ್ಕೆ 63 ಲಕ್ಷ. ಬಂಡವಾಳದ ಮೇಲೆ ಈ ಕ್ಷೇತ್ರದಲ್ಲಿ ಬಹುಕಾಲದಿಂದ ನಡೆದು ಬಂದ ಪ್ರತಿಫಲ 15.5 ಶೇಕಡಾ. ಅಂದರೆ 46.5 ಲಕ್ಷ. ಜೊತೆಗೆ ಸವಕಳಿ. ಸವಕಳಿ ಅಂತ ಸಿಗುವ ದುಡ್ಡು ಸಾಲದ ಅಸಲು ತೀರಿಸಲು ಹೋಗುತ್ತದೆ. ಕಂಪನಿಯ ಮಾಲೀಕರಿಗೆ, ಅಂದರೆ ಸರ್ಕಾರಕ್ಕೆ, ಕಾಗದದ ಮೇಲೆ ಉಳಿಯುವ ಲಾಭ ಆ 46.5 ಲಕ್ಷ. ಕೇಂದ್ರ ಅಥವಾ ರಾಜ್ಯದ ಅನುದಾನದಲ್ಲಿ ಕಟ್ಟಿದ್ದರೆ ಆ ಭಾಗಕ್ಕೆ ಪ್ರತಿಫಲ ಇಲ್ಲ. ಗ್ರಾಹಕರೇ ದುಡ್ಡು ಕಟ್ಟಿ ಹಾಕಿಸಿಕೊಂಡ ಲೈನ್‌ಗೂ ಇಲ್ಲ. ತನ್ನದಲ್ಲದ ದುಡ್ಡಿನ ಮೇಲೆ ಲಾಭ ಕೇಳುವಂತಿಲ್ಲ. ಇದು ನನಗೆ ಸರಿಯಾದ ನಿಯಮ ಅನಿಸುತ್ತದೆ.

ಬಂಡವಾಳದ ಮೇಲೆ ಪ್ರತಿಫಲ ಕೊಟ್ಟರೆ ಬಂಡವಾಳ ಜಾಸ್ತಿ ಹಾಕುವ ಆಸೆ ಹುಟ್ಟುತ್ತದೆ, ಅಲ್ವಾ? 1962ರಲ್ಲೇ ಹಾರ್ವಿ ಅವರ್ಚ್ ಮತ್ತು ಲೆಲ್ಯಾಂಡ್ ಜಾನ್ಸನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಇದನ್ನು ತೋರಿಸಿಕೊಟ್ಟರು. ರಿಪೇರಿ ಮಾಡಿದರೆ ಸಾಕಾಗುವ ಕಡೆ ಹೊಸದನ್ನೇ ಕಟ್ಟುವ ಆಸೆ ಅದು. ಅದಕ್ಕೇ ಆಯೋಗ ಬಂಡವಾಳ ವೆಚ್ಚದ ಪಟ್ಟಿಯನ್ನು ಮೊದಲೇ ತರಿಸಿ ನೋಡುತ್ತದೆ. ಕಟ್ಟಿದ ಮೇಲೆ "ಇದು ಬೇಕಿರಲಿಲ್ಲ" ಅಂತ ತೀರ್ಮಾನವಾದರೆ ಆ ಖರ್ಚು ಕಂಪನಿಯ ತಲೆಗೆ.

ಆದರೆ 15.5 ಅನ್ನುವುದು ಗ್ಯಾರಂಟಿ ಅಲ್ಲ. ಅದು ಎಲ್ಲ ಗುರಿ ಮುಟ್ಟಿದರೆ ಸಿಗಬಹುದಾದ ಗರಿಷ್ಠ ಅನ್ನುವುದೇ ಸರಿ. ಕರ್ನಾಟಕದಲ್ಲಿ ಈ ಪ್ರತಿಫಲ ಲೆಕ್ಕ ಹಾಕುವಾಗ ಷೇರು ಬಂಡವಾಳದಲ್ಲಿ ಹಿಂದಿನ ವರ್ಷಗಳ ಸಂಚಿತ ನಷ್ಟವನ್ನು ಕಳೆಯುತ್ತಾರೆ. ನಷ್ಟ ಬಂಡವಾಳವನ್ನೇ ನುಂಗಿದ್ದರೆ ಲೆಕ್ಕ ಹಾಕಲು ಏನೂ ಉಳಿಯುವುದಿಲ್ಲ. ಸೊನ್ನೆಯ ಮೇಲೆ 15.5 ಹಾಕಿದರೂ ಸೊನ್ನೆಯೇ. ಅಂದರೆ ಒಮ್ಮೆ ಹಳ್ಳಕ್ಕೆ ಬಿದ್ದ ಕಂಪನಿಗೆ ಮೇಲೆ ಬರಲು ಬೇಕಾದ ಏಣಿಯೇ ಸಿಗುವುದಿಲ್ಲ. ಲಾಭ ಇಲ್ಲದಿದ್ದರೆ ಸ್ವಂತ ದುಡ್ಡು ಇಲ್ಲ. ಸ್ವಂತ ದುಡ್ಡು ಇಲ್ಲದಿದ್ದರೆ ಹೊಸ ಕೆಲಸಕ್ಕೆ ಮತ್ತೆ ಸಾಲ.

ಸೋರಿಕೆಯ ಲೆಕ್ಕವೂ ಆದೇಶದೊಳಗೇ ಇದೆ. ಆಯೋಗ ಒಂದು ಗುರಿ ಕೊಡುತ್ತದೆ. ಉದಾಹರಣೆಗೆ, ಕೊಂಡ 100 ಯೂನಿಟ್‌ನಲ್ಲಿ 10 ಹೋಗಬಹುದು, 90 ಮಾರಬೇಕು. ನಿಜವಾಗಿ 88 ಮಾತ್ರ ಮಾರಿದರು ಅನ್ನಿ. ಆ 2 ಯೂನಿಟ್ ಬೇರೆ ಗ್ರಾಹಕರ ಮೇಲೆ ಹಾಕುವಂತಿಲ್ಲ. ಯೂನಿಟ್‌ಗೆ 8 ರೂಪಾಯಿ ಅಂತ ಹಿಡಿದರೆ 16 ರೂಪಾಯಿ ಕಂಪನಿಯ ನಷ್ಟ. ಕೊಂಡದ್ದು 100 ಕೋಟಿ ಯೂನಿಟ್ ಆದರೆ 16 ಕೋಟಿ. ಗುರಿಗಿಂತ ಚೆನ್ನಾಗಿ ಮಾಡಿದರೆ ಪ್ರೋತ್ಸಾಹವೂ ಇದೆ. ಅದಕ್ಕೇ ಯಾವುದೋ ಹಳ್ಳಿಯ ಕೊಕ್ಕೆ ವೈರ್ ತೆಗೆಸಲು ವಿಜಿಲೆನ್ಸ್ ಜೀಪ್ ಬರುವುದಕ್ಕೂ ಬೆಂಗಳೂರಿನ ಆದೇಶದ ಒಂದು ಸಾಲಿಗೂ ನೇರ ಸಂಬಂಧ ಇದೆ.

ಬಡ್ಡಿ ಏರಿದಾಗ

ಮೇ 2022ರವರೆಗೆ ರಿಸರ್ವ್ ಬ್ಯಾಂಕಿನ ರೆಪೋ ದರ, ಅಂದರೆ ಅದು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, 4 ಶೇಕಡಾ ಇತ್ತು. ಫೆಬ್ರುವರಿ 2023ರ ಹೊತ್ತಿಗೆ ಅದು 6.5 ಆಯಿತು. ಎರಡು ವರ್ಷ ಅಲ್ಲೇ ನಿಂತು, 2025ರ ಫೆಬ್ರುವರಿಯಿಂದ ಇಳಿಯತೊಡಗಿ ಜೂನ್‌ನಲ್ಲಿ 5.5ಕ್ಕೆ ಬಂತು. ಮನೆ ಸಾಲ ಇದ್ದವರಿಗೆ ಇದು ಚೆನ್ನಾಗಿ ನೆನಪಿದೆ. ನಮ್ಮ ಮಿಲ್‌ನ ಬ್ಯಾಂಕ್ ಬಡ್ಡಿಯೂ ಆಗ ಹಂತ ಹಂತವಾಗಿ ಏರಿತು.

ವಿದ್ಯುತ್ ಕಂಪನಿಗಳು ಬ್ಯಾಂಕುಗಳಿಂದ ಸಾಲ ಎತ್ತುತ್ತವೆ. ಈ ಕ್ಷೇತ್ರಕ್ಕೆಂದೇ ಇರುವ ಆರ್‌ಇಸಿ, ಪಿಎಫ್‌ಸಿ ಎಂಬ ಕೇಂದ್ರ ಸರ್ಕಾರಿ ಸಂಸ್ಥೆಗಳಿಂದಲೂ ಎತ್ತುತ್ತವೆ. 1,000 ಕೋಟಿ ಸಾಲ ಇರುವ ಕಂಪನಿಗೆ ಬಡ್ಡಿ ಒಂದು ಶೇಕಡಾ ಏರಿದರೆ ವರ್ಷಕ್ಕೆ 10 ಕೋಟಿ ಹೆಚ್ಚು. ಎರಡೂವರೆ ಏರಿದರೆ 25 ಕೋಟಿ. ಇದಕ್ಕೆ ಬದಲಾಗಿ ಒಂದು ಯೂನಿಟ್ ಕರೆಂಟೂ ಜಾಸ್ತಿ ಬರುವುದಿಲ್ಲ, ಒಂದು ಕಂಬವೂ ಜಾಸ್ತಿ ನಿಲ್ಲುವುದಿಲ್ಲ.

ಬಡ್ಡಿಯನ್ನು ಆಯೋಗ ಒಪ್ಪುತ್ತದೆಯಲ್ಲ, ಜನರಿಂದ ವಸೂಲಿ ಆಗುತ್ತದೆಯಲ್ಲ, ಕಂಪನಿಗೆ ಏನು ತೊಂದರೆ ಅಂತ ಕೇಳಬಹುದು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಎಲ್ಲ ಬಡ್ಡಿಯೂ ಒಂದೇ ಜಾತಿಯದಲ್ಲ.

ಲೈನ್, ಸಬ್‌ಸ್ಟೇಷನ್ ಕಟ್ಟಲು ಎತ್ತಿದ ದೀರ್ಘಾವಧಿ ಸಾಲದ ಬಡ್ಡಿ ಬಹುಮಟ್ಟಿಗೆ ಒಪ್ಪಿಗೆಯಾಗುತ್ತದೆ. ದಿನದ ವ್ಯವಹಾರಕ್ಕೆ ಬೇಕಾದ ದುಡಿಯುವ ಬಂಡವಾಳದ ಬಡ್ಡಿಗೆ ಬೇರೆ ನಿಯಮ. ಕಂಪನಿ ನಿಜವಾಗಿ ಎಷ್ಟು ಸಾಲ ಮಾಡಿದೆ ಅನ್ನುವುದು ಅಲ್ಲಿ ಮುಖ್ಯ ಅಲ್ಲ. ಎರಡು ತಿಂಗಳ ಬಿಲ್ ಬಾಕಿ, ಒಂದು ತಿಂಗಳ ನಿರ್ವಹಣಾ ಖರ್ಚು, ಸ್ವಲ್ಪ ಸಾಮಾನಿನ ದಾಸ್ತಾನು, ಹೀಗೆ ಒಂದು ಅಳತೆ ಇಟ್ಟು ಅಷ್ಟಕ್ಕೆ ಮಾತ್ರ ಬಡ್ಡಿ ಕೊಡುತ್ತಾರೆ. ಬಾಕಿ ಆರು ತಿಂಗಳು ನಿಂತಿದ್ದರೆ ಮಿಕ್ಕ ನಾಲ್ಕು ತಿಂಗಳ ಬಡ್ಡಿ ಕಂಪನಿಯ ಪಾಲಿಗೆ. ವಸೂಲಿಯಲ್ಲಿ ಸೋಮಾರಿತನ ಬರಬಾರದು ಅನ್ನುವುದು ಈ ನಿಯಮದ ಉದ್ದೇಶ.

ಆದರೆ ನಮ್ಮ ಭಾಗದಲ್ಲಿ ಬಾಕಿ ನಿಲ್ಲುವುದು ಬರೀ ಸೋಮಾರಿತನದಿಂದ ಅಲ್ಲ. ಊರೂರಿನ ಕುಡಿಯುವ ನೀರಿನ ಮೋಟಾರ್, ಬೀದಿ ದೀಪಗಳ ಬಿಲ್ ಕಟ್ಟಬೇಕಾದದ್ದು ಗ್ರಾಮ ಪಂಚಾಯಿತಿ ಮತ್ತು ಪುರಸಭೆಗಳು. ಆ ಬಾಕಿ ವರ್ಷಗಟ್ಟಲೆ ಬೆಳೆಯುತ್ತದೆ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ನೀರಿನ ಮೋಟಾರಿನ ಕರೆಂಟ್ ಕಡಿಯುವುದು ಯಾರಿಂದ ಸಾಧ್ಯ? ಕಡಿಯಬಾರದು ಕೂಡ. ಕಡಿಯದೆ ಇದ್ದಾಗ ಆ ಬಾಕಿಯ ಬಡ್ಡಿ ಸುಮ್ನೆ ಬೆಳೆಯುತ್ತಲೇ ಇರುತ್ತದೆ.

ಇನ್ನೊಂದು ಕಡೆಯಿಂದಲೂ ಒತ್ತಡ ಇದೆ. ಕರೆಂಟ್ ಕೊಟ್ಟವರಿಗೆ ದುಡ್ಡು ಕೊಡಲು ತಡವಾದರೆ ದಂಡದ ಬಡ್ಡಿ ಬೀಳುತ್ತದೆ. ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಅದು ಸ್ಟೇಟ್ ಬ್ಯಾಂಕಿನ ಒಂದು ವರ್ಷದ ಸಾಲದ ದರಕ್ಕೆ 5 ಅಂಶ ಸೇರಿಸಿದಷ್ಟು. ತಡವಾದ ಪ್ರತಿ ತಿಂಗಳಿಗೆ ಅರ್ಧ ಅಂಶ ಏರುತ್ತಾ, ಆ ದರಕ್ಕಿಂತ ಗರಿಷ್ಠ 3 ಅಂಶ ಹೆಚ್ಚಾಗುವವರೆಗೆ ಹೋಗುತ್ತದೆ. ಹಳೆಯ ಬಾಕಿಗಳನ್ನು ಕಂತುಗಳಲ್ಲಿ ತೀರಿಸಲು 2022ರ ನಿಯಮ ದಾರಿ ಮಾಡಿಕೊಟ್ಟಿತು. ತೀರಿಸದಿದ್ದರೆ ವಿದ್ಯುತ್ ವಿನಿಮಯ ಮಾರುಕಟ್ಟೆಯಲ್ಲಿ ಕೊಳ್ಳಲು ನಿರ್ಬಂಧ ಹಾಕುವ ಅಧಿಕಾರವನ್ನೂ ಕೊಟ್ಟಿತು. ಬರಬೇಕಾದ ದುಡ್ಡು ನಿಧಾನ, ಕೊಡಬೇಕಾದ ದುಡ್ಡಿಗೆ ಮುದ್ದತು ಗಟ್ಟಿ. ವ್ಯಾಪಾರಸ್ಥರಿಗೆ ಇದಕ್ಕಿಂತ ಕಷ್ಟದ ಸ್ಥಿತಿ ಇಲ್ಲ.

ಎರಡು ವರ್ಷದ ಹಳೆ ಖರ್ಚು

ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲಿ. ದಯವಿಟ್ಟು ನಿಧಾನವಾಗಿ ಓದಿ.

2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ಒಂದು ಲೆಕ್ಕ ವರ್ಷ. ಆ ವರ್ಷದ ದರ ವರ್ಷ ಶುರುವಾಗುವ ಹೊತ್ತಿಗೆ ಅಂದಾಜಿನ ಮೇಲೆ ನಿಗದಿಯಾಯಿತು. ಆ ವರ್ಷ ಕರ್ನಾಟಕದಲ್ಲಿ ಮಳೆ ಕೈಕೊಟ್ಟಿತು, ಬರ ಬಿತ್ತು. ಜಲಾಶಯಗಳಲ್ಲಿ ನೀರಿಲ್ಲ ಅಂದರೆ ಅಗ್ಗದ ಜಲವಿದ್ಯುತ್ ಇಲ್ಲ. ಮಳೆ ಇಲ್ಲ ಅಂದರೆ ಪಂಪ್‌ಸೆಟ್‌ಗಳು ಮಳೆಗಾಲದಲ್ಲೂ ಓಡುತ್ತವೆ. ಕರೆಂಟಿಗೆ ಬೇಡಿಕೆ ಹೆಚ್ಚು, ಸಿಗುವ ಕರೆಂಟ್ ದುಬಾರಿ. ಇಂಥ ವರ್ಷ ಅಂದಾಜಿಗೂ ನಿಜವಾದ ಖರ್ಚಿಗೂ ಫರಕು ಬಂದೇ ಬರುತ್ತದೆ.

ಆ ಫರಕನ್ನು ಕಂಪನಿ ಯಾವಾಗ ಕೇಳಬಹುದು? ವರ್ಷ ಮುಗಿದು, ಲೆಕ್ಕ ಪರಿಶೋಧನೆ ಆಗಿ, 2024ರ ಕೊನೆಯಲ್ಲಿ ಅರ್ಜಿ. 2025ರ ಮಾರ್ಚ್‌ನಲ್ಲಿ ಆದೇಶ. ಒಪ್ಪಿಗೆಯಾದ ಮೊತ್ತ 2025ರ ಏಪ್ರಿಲ್ ನಂತರದ ಬಿಲ್‌ಗಳಲ್ಲಿ ಚೂರು ಚೂರಾಗಿ ಬರುತ್ತದೆ. 2023ರ ಬೇಸಿಗೆಯಲ್ಲಿ ಕೊಟ್ಟ ದುಡ್ಡು ಕೈಗೆ ಬರುವಾಗ ಎರಡು ವರ್ಷದ ಮೇಲೆ ಆಗಿರುತ್ತದೆ. 100 ಕೋಟಿ ಫರಕು, 10 ಶೇಕಡಾ ಬಡ್ಡಿ ಅಂದರೆ ಎರಡು ವರ್ಷಕ್ಕೆ ಬಡ್ಡಿಯೇ 20 ಕೋಟಿ ದಾಟಿತು. ಈ ನಡುವಿನ ಬಡ್ಡಿಯನ್ನೂ ಆಯೋಗ ಒಪ್ಪಬಹುದು. ಒಪ್ಪದಿದ್ದರೆ ಅದು ಪೂರ್ತಿ ನಷ್ಟ. ಒಪ್ಪಿದರೆ ಅದನ್ನು ಕಟ್ಟುವವರು ನಾವು.

ಇಂಧನ ಮತ್ತು ಕೊಳ್ಳುವ ದರದ ಏರಿಳಿತಕ್ಕೆ ಈಗ ತಿಂಗಳ ಹೊಂದಾಣಿಕೆ ಶುಲ್ಕ ಇದೆ. ಬಿಲ್‌ನಲ್ಲಿ ಅದು ಬೇರೆ ಸಾಲಿನಲ್ಲಿ ಬರುತ್ತದೆ, ತಿಂಗಳು ತಿಂಗಳು ಬದಲಾಗುತ್ತದೆ. ಒಮ್ಮೊಮ್ಮೆ ಕಡಿಮೆಯೂ ಆಗುತ್ತದೆ. ಜನರಿಗೆ ಇದರ ಮೇಲೆ ಸಿಟ್ಟು ಜಾಸ್ತಿ. ಸಿಟ್ಟು ಅರ್ಥವಾಗುತ್ತದೆ, ಯಾಕೆಂದರೆ ಈ ತಿಂಗಳು ಎಷ್ಟು ಬರುತ್ತದೆ ಅಂತ ಮೊದಲೇ ಹೇಳಲಾಗದು. ಆದರೂ ನಾನು ಇದರ ಪರ. ಎರಡು ವರ್ಷ ತಡೆದು ಬಡ್ಡಿ ಸಮೇತ ಕಟ್ಟುವುದಕ್ಕಿಂತ ಆಗಿಂದಾಗ ಕಟ್ಟಿದರೆ ಒಟ್ಟು ಹೊರೆ ಕಡಿಮೆ.

ದರ ಏರಿಸಿದರೆ ಜನ ಬೈಯುತ್ತಾರೆ ಅಂತ ಫರಕನ್ನು ಮುಂದಕ್ಕೆ ತಳ್ಳುವುದೂ ಉಂಟು. "ಮುಂದೆ ವಸೂಲಿ ಮಾಡಿಕೊಳ್ಳಿ" ಅಂತ ಬರೆದಿಟ್ಟ ಮೊತ್ತಕ್ಕೆ ನಿಯಂತ್ರಣ ಆಸ್ತಿ ಅನ್ನುವ ಹೆಸರು. ಪುಸ್ತಕದಲ್ಲಿ ಅದು ಆಸ್ತಿ, ಆದಾಯ ಬಂದ ಹಾಗೇ ಕಾಣುತ್ತದೆ. ಪೆಟ್ಟಿಗೆಯಲ್ಲಿ ದುಡ್ಡಿಲ್ಲ. ಲಾಭ ತೋರಿಸಿದ ವರ್ಷವೂ ಸಂಬಳಕ್ಕೆ ಸಾಲ ಮಾಡಬೇಕಾಗಿ ಬರುವುದು ಹೀಗೆ. ದೆಹಲಿ, ತಮಿಳುನಾಡಿನಂಥ ಕಡೆ ಇದು ಸಾವಿರಾರು ಕೋಟಿಗೆ ಬೆಳೆದಿದೆ. 2024ರ ಜನವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ತಂದು ಇದಕ್ಕೆ ಬೇಲಿ ಹಾಕಿತು. ಪ್ರಕೃತಿ ವಿಕೋಪದಂಥ ಸಂದರ್ಭ ಬಿಟ್ಟರೆ ಇಂಥ ಅಂತರ ಇರಬಾರದು. ಇದ್ದರೂ ಒಟ್ಟು ಆದಾಯದ ಅಗತ್ಯದ 3 ಶೇಕಡಾ ಮೀರಬಾರದು, ಮೂರು ವರ್ಷದೊಳಗೆ ತೀರಬೇಕು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹಳೆಯ ಮೊತ್ತಗಳನ್ನು ಕಾಲಮಿತಿಯಲ್ಲಿ ತೀರಿಸಲು ಆಯೋಗಗಳಿಗೆ ಕಟ್ಟುನಿಟ್ಟಾಗಿ ಹೇಳಿತು.

ನಮ್ಮ ಸಾವ್ಕಾರ್ರಿಗೆ ಇದನ್ನು ಹೇಳಿದಾಗ ಅವರು ಒಂದೇ ಮಾತು ಅಂದರು: "ಅಂದ್ರ ಬೆಲೆ ಕಮ್ಮಿ ಇಟ್ಟು ನಮಗ ಸಾಲಾ ಕೊಟ್ಟಂಗ ಅದು. ಬಡ್ಡಿ ಸಮೇತ ವಾಪಸ್ ತಗೋತಾರ." ಇಷ್ಟು ಚೆನ್ನಾಗಿ ನಾನು ಹೇಳಿರಲಿಲ್ಲ.

ಸರ್ಕಾರ ಕಟ್ಟುವ ಬಿಲ್

ಜೆಸ್ಕಾಂ ಮಾರುವ ಕರೆಂಟಿನಲ್ಲಿ ದೊಡ್ಡ ಪಾಲು ಹೊಲಗಳಿಗೆ ಹೋಗುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಬಿಲ್ ಇಲ್ಲ, ಸರ್ಕಾರ ಕಟ್ಟುತ್ತದೆ. 2023ರ ಜುಲೈನಿಂದ ಗೃಹ ಜ್ಯೋತಿ ಬಂತು. ಮನೆಗಳಿಗೆ ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿದಷ್ಟು ಉಚಿತ. ಅದನ್ನೂ ಸರ್ಕಾರವೇ ಕಟ್ಟುತ್ತದೆ.

ಇದರಿಂದ ಕಂಪನಿ ಮುಳುಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ನನ್ನ ಅಭಿಪ್ರಾಯ ಹಾಗಿಲ್ಲ. ಬಿಲ್ ಯಾರು ಕಟ್ಟಿದರೇನು, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಕಂಪನಿಗೆ ಫರಕು ಇಲ್ಲ. ಲಕ್ಷಾಂತರ ಮನೆಗಳ ಬದಲು ಒಬ್ಬನೇ ಗಿರಾಕಿ ಕಟ್ಟಿದರೆ ವಸೂಲಿಯ ಕಷ್ಟ ಕಡಿಮೆಯೇ. ಕಾಯ್ದೆಯ 65ನೇ ಕಲಂ ಹೇಳುವುದೂ ಅದನ್ನೇ: ರಿಯಾಯಿತಿ ಕೊಡುವುದಿದ್ದರೆ ಸರ್ಕಾರ ಆ ದುಡ್ಡನ್ನು ಮುಂಗಡವಾಗಿ ಕೊಡಬೇಕು. ಮುಂಗಡ ಬಂದರೆ ಬಡ್ಡಿ ಇಲ್ಲ. ಮೂರು ತಿಂಗಳು ತಡವಾದರೆ ಮೂರು ತಿಂಗಳ ಬಡ್ಡಿ. ನಾವು ಕೇಳಬೇಕಾದ ಪ್ರಶ್ನೆ ಆ ತಾರೀಖಿನದು.

ಪಂಪ್‌ಸೆಟ್ ವಿಷಯದಲ್ಲಿ ಇನ್ನೊಂದು ತೊಡಕಿದೆ. ಬಹುತೇಕ ಪಂಪ್‌ಸೆಟ್‌ಗಳಿಗೆ ಮೀಟರ್ ಇಲ್ಲ. ಎಷ್ಟು ಯೂನಿಟ್ ಓಡಿತು ಅನ್ನುವುದನ್ನು ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ಲೈನ್) ಮೀಟರ್ ನೋಡಿ ಲೆಕ್ಕ ಹಾಕುತ್ತಾರೆ. ಹೆಚ್ಚು ಅಂತ ಹೇಳಿದರೆ ಸೋರಿಕೆ ಕಡಿಮೆ ಕಾಣುತ್ತದೆ, ಸರ್ಕಾರದ ಬಿಲ್ ಏರುತ್ತದೆ. ಕಡಿಮೆ ಅಂತ ಹೇಳಿದರೆ ಸೋರಿಕೆ ಹೆಚ್ಚು ಕಾಣುತ್ತದೆ, ಕಂಪನಿಗೆ ದಂಡ. ಆಯೋಗ, ಕಂಪನಿ, ಸರ್ಕಾರ ಮೂವರೂ ವರ್ಷವರ್ಷ ಗುದ್ದಾಡುವುದು ಈ ಅಂಕಿಯ ಮೇಲೆ.

ಸಬ್ಸಿಡಿಯಾಚೆ ಉಳಿದ ಹೊರೆಯನ್ನು ಹೊರುವವರು ಕೈಗಾರಿಕೆ ಮತ್ತು ಅಂಗಡಿಗಳು. ಅವರಿಗೆ ತಗಲುವ ಖರ್ಚಿಗಿಂತ ಜಾಸ್ತಿ ದರ ಹಾಕಿ ಉಳಿದವರಿಗೆ ಕಡಿಮೆ ಮಾಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ವಾಡಿ, ಸೇಡಂ, ಮಳಖೇಡ ಕಡೆ ಸಿಮೆಂಟ್ ಕಾರ್ಖಾನೆಗಳಿವೆ. ಹೆಚ್ಚು ದರ ಕಟ್ಟಬಲ್ಲ ದೊಡ್ಡ ಗಿರಾಕಿಗಳು ಇಂಥವರೇ. ಆದರೆ ಸಿಮೆಂಟ್ ಉದ್ಯಮ ತನ್ನ ಕರೆಂಟನ್ನು ತಾನೇ ಮಾಡಿಕೊಳ್ಳುವುದರಲ್ಲಿ ಮುಂದು. ಸ್ವಂತ ಸ್ಥಾವರದ ಕರೆಂಟ್ ಬಳಸಿದರೆ ಕಾಯ್ದೆಯ ಪ್ರಕಾರ ಅಡ್ಡ ಸಹಾಯಧನದ ಅಧಿಭಾರವೂ, ಅಂದರೆ ಉಳಿದವರ ಹೊರೆಗಾಗಿ ಹಾಕುವ ಹೆಚ್ಚುವರಿ ಶುಲ್ಕವೂ, ಇಲ್ಲ. ಅಂಥವರು ಹೊರಗೆ ಹೋದಂತೆ ಹೊರೆ ಹೊರುವ ಹೆಗಲು ಕಡಿಮೆಯಾಗುತ್ತದೆ. ನಮ್ಮಂಥ ದಾಲ್ ಮಿಲ್‌ಗಳು, ಬೀದರಿನ ಕೊಳಾರದ ಸಣ್ಣ ಕಾರ್ಖಾನೆಗಳು ಆ ಹೊರೆ ಹೊರಲು ಉಳಿದುಕೊಳ್ಳುತ್ತವೆ.

ಮನೆ ಬಿಲ್‌ಗೆ ಬಂದದ್ದು

2025ರ ಮಾರ್ಚ್ 27ರ ಆದೇಶ ಮೂರು ವರ್ಷಕ್ಕೆ ಒಟ್ಟಿಗೆ ದರ ಹೇಳಿತು. ಮನೆಗಳ ಯೂನಿಟ್ ದರ 5.90ರಿಂದ 5.80ಕ್ಕೆ ಇಳಿಯಿತು. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145ಕ್ಕೆ ಏರಿತು. ಅದಕ್ಕೂ ಸ್ವಲ್ಪ ಮುಂಚೆ ಬಂದ ಇನ್ನೊಂದು ಆದೇಶದಲ್ಲಿ, ಸಿಬ್ಬಂದಿಯ ಪಿಂಚಣಿ ಮತ್ತು ಗ್ರಾಚ್ಯುಟಿ ಹೊರೆಗಾಗಿ ಯೂನಿಟ್‌ಗೆ 36 ಪೈಸೆ ಅಧಿಭಾರ ಏಪ್ರಿಲ್‌ನಿಂದ ಶುರುವಾಯಿತು.

ನನ್ನ ಮನೆಯಂಥದೇ ಒಂದು ಮನೆ ತೆಗೆದುಕೊಳ್ಳಿ. ಮಂಜೂರಾದ ಲೋಡ್ 3 ಕಿಲೋವ್ಯಾಟ್. ಮೇ ತಿಂಗಳು ಕೂಲರ್, ಫ್ಯಾನ್ ಓಡಿ 250 ಯೂನಿಟ್ ಆಯಿತು, ಉಚಿತದ ಮಿತಿ ಮೀರಿತು. ನಿಗದಿತ ಶುಲ್ಕ 360 ಇದ್ದದ್ದು 435 ಆಯಿತು. ಯೂನಿಟ್ ಶುಲ್ಕ 1,475 ಇದ್ದದ್ದು 1,450. ಪಿಂಚಣಿ ಅಧಿಭಾರ 90 ರೂಪಾಯಿ. ತೆರಿಗೆ ಮತ್ತು ತಿಂಗಳ ಹೊಂದಾಣಿಕೆ ಬಿಟ್ಟು ನೋಡಿದರೆ 140 ರೂಪಾಯಿ ಹೆಚ್ಚು. "ದರ ಇಳಿಕೆ" ಅನ್ನುವ ತಲೆಬರಹ ಓದಿ ಖುಷಿಪಟ್ಟವರು ಬಿಲ್ ಕೈಗೆ ಬಂದಾಗ ಬೇಸರಪಟ್ಟದ್ದು ಇದಕ್ಕೇ.

ಯೂನಿಟ್ ದರ ಇಳಿಸಿ ನಿಗದಿತ ಶುಲ್ಕ ಏರಿಸಿದ್ದಕ್ಕೆ ಕಾರಣ ಮೇಲೆ ಹೇಳಿದ್ದರಲ್ಲೇ ಇದೆ. ಸಾಮರ್ಥ್ಯ ಶುಲ್ಕ, ಬಡ್ಡಿ, ಸಂಬಳ ಯಾವುದೂ ನಾವು ಎಷ್ಟು ಯೂನಿಟ್ ಬಳಸಿದೆವು ಅಂತ ಕೇಳುವುದಿಲ್ಲ. ಕಂಪನಿಯ ಖರ್ಚಿನಲ್ಲಿ ದೊಡ್ಡ ಪಾಲು ಕಾಯಂ ಖರ್ಚು, ಆದಾಯದಲ್ಲಿ ದೊಡ್ಡ ಪಾಲು ಯೂನಿಟ್ ಮೇಲಿನದು. ಜನ ಚಾವಣಿಗೆ ಸೋಲಾರ್ ಹಾಕಿಸಿಕೊಂಡು ಯೂನಿಟ್ ಕಡಿಮೆ ಮಾಡಿದರೆ ಆದಾಯ ಬೀಳುತ್ತದೆ, ಬಡ್ಡಿ ಬೀಳುವುದಿಲ್ಲ. ಕಾಯಂ ಖರ್ಚನ್ನು ಕಾಯಂ ಶುಲ್ಕದಿಂದಲೇ ತೆಗೆಯುವತ್ತ ಆಯೋಗ ಹೆಜ್ಜೆ ಹಾಕುತ್ತಿದೆ. ಲೆಕ್ಕದ ದೃಷ್ಟಿಯಲ್ಲಿ ಇದು ಸರಿ. ಆದರೆ ಮನೆಯಲ್ಲಿ ಹಿಡಿದು ಬಳಸುವವರಿಗೆ ಇದರಲ್ಲಿ ಅನ್ಯಾಯ ಇದೆ ಅನ್ನುವುದನ್ನೂ ಒಪ್ಪಬೇಕು. ಒಂದು ದೀಪ ಆರಿಸಿದರೆ ಮೊದಲಿನಷ್ಟು ಉಳಿತಾಯ ಈಗ ಆಗುವುದಿಲ್ಲ.

ಕೊನೆಗೆ ಒಂದು ಉಪಯೋಗದ ಮಾತು. ಜೆಸ್ಕಾಂ ಅರ್ಜಿ ಹಾಕಿದ ಮೇಲೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಅದರಲ್ಲಿ ಹೇಳಿದ ಗಡುವಿನೊಳಗೆ ಯಾರು ಬೇಕಾದರೂ ಆಕ್ಷೇಪಣೆ ಬರೆಯಬಹುದು. ವಿಚಾರಣೆಯಲ್ಲಿ ಎದ್ದು ನಿಂತು "ದರ ಏರಿಸಬೇಡಿ" ಅಂದರೆ ಆಯೋಗ ಕೇಳಿಸಿಕೊಳ್ಳುತ್ತದೆ, ಬರೆದುಕೊಳ್ಳುತ್ತದೆ, ಅಷ್ಟೇ. ಅದರ ಬದಲು ಅರ್ಜಿಯಲ್ಲಿ ನಾಲ್ಕು ಜಾಗ ಹುಡುಕಿ: ದುಡಿಯುವ ಬಂಡವಾಳದ ಬಡ್ಡಿ, ತಡ ಪಾವತಿಗೆ ಕಟ್ಟಿದ ದಂಡ, ಸರ್ಕಾರದಿಂದ ಬರಬೇಕಾದ ಸಬ್ಸಿಡಿ ಬಾಕಿ, ಸ್ಥಳೀಯ ಸಂಸ್ಥೆಗಳ ಬಾಕಿ. ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸಿ. ಪಂಚಾಯಿತಿ ಬಾಕಿಯ ಬಡ್ಡಿ ನನ್ನ ಬಿಲ್‌ನಲ್ಲಿ ಯಾಕೆ ಅಂತ ಕೇಳಿ. ಸಬ್ಸಿಡಿ ಯಾವ ತಿಂಗಳು ಬರಬೇಕಿತ್ತು, ಯಾವ ತಿಂಗಳು ಬಂತು ಅಂತ ಕೇಳಿ. ಕಂಪನಿ ಇವಕ್ಕೆ ಲಿಖಿತ ಉತ್ತರ ಕೊಡಬೇಕಾಗುತ್ತದೆ, ಆ ಉತ್ತರ ಆದೇಶದಲ್ಲಿ ಅಚ್ಚಾಗುತ್ತದೆ. ಈ ಸಲ ನಮ್ಮ ಸಾವ್ಕಾರ್ರು ತಾವೇ ಬರೆಸುತ್ತೇನೆ ಅಂದಿದ್ದಾರೆ. ಮೊದಲ ಪ್ರಶ್ನೆಯಾಗಿ ತಾರೀಖಿನದನ್ನೇ ಹಾಕಲು ಹೇಳಿದ್ದಾರೆ.